ಕುಲುಮೆಯ ನೆರಳಿನಲ್ಲೊಂದು ಧರ್ಮಕೇಂದ್ರ
(ಸ್ಮೆಲ್ಟರ್‌ಟೌನ್ ಎಂಬ ಅಳಿದ ಊರಿನ ಉಳಿದ ನೆನಪುಗಳು)

ಊರೊಂದು ಅಳಿಯುವುದಕ್ಕೆ ಹಲವು ದಾರಿಗಳುಂಟು. ನೆರೆ ಬಂದು ಕೊಚ್ಚಿಕೊಂಡು ಹೋಗಬಹುದು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬಹುದು. ಬರಗಾಲಕ್ಕೆ ಬೇಸತ್ತ ಜನ ಗುಳೆ ಹೊರಟು ಮನೆಗಳು ಪಾಳು ಬೀಳಬಹುದು. ಆದರೆ ಊರಿನವರಿಗೆ ಊರನ್ನು ಬಿಡುವ ಮನಸ್ಸಿಲ್ಲ. ತಮ್ಮ ಅಂಗಳದ ಮಣ್ಣಿನಲ್ಲಿ ವಿಷವಿದೆ ಎಂದರೆ ನಂಬುವ ಮನಸ್ಸೂ ಇಲ್ಲ. ಆದರೂ ಮಕ್ಕಳ ರಕ್ತವನ್ನು ಪರೀಕ್ಷಿಸಿದ ವೈದ್ಯರ ಮಾತನ್ನು ತಳ್ಳಿಹಾಕುವಂತಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಸಿಲುಕಿ ಭೂಪಟದಿಂದ ಅಳಿದುಹೋದ ಊರು ಸ್ಮೆಲ್ಟರ್‌ಟೌನ್. ಅಲ್ಲಿನ ಮೆಕ್ಸಿಕನ್ ಕುಟುಂಬಗಳು ಅದನ್ನು ಅಕ್ಕರೆಯಿಂದ ‘ಲಾ ಎಸ್ಮೆಲ್ಡಾ’ ಎಂದು ಕರೆಯುತ್ತಿದ್ದವು. ಇಂದು ಅಲ್ಲಿ ಮನೆಗಳಿಲ್ಲ, ಬೀದಿಗಳಿಲ್ಲ. ನದಿಯಿದೆ, ರೈಲುಹಳಿಯಿದೆ, ಗುಡ್ಡದ ಇಳಿಜಾರಿನಲ್ಲಿ ಒಂದು ಸ್ಮಶಾನವಿದೆ. ಎದುರಿನ ಬೆಟ್ಟದ ತುದಿಯಲ್ಲಿ ಕೈಚಾಚಿ ನಿಂತ ಕ್ರಿಸ್ತರಾಜರ ಕಲ್ಲಿನ ಪ್ರತಿಮೆಯಿದೆ. ಇವುಗಳ ಜೊತೆಗೆ, ಅಲ್ಲಿ ಹುಟ್ಟಿ ಬೆಳೆದವರ ನೆನಪುಗಳಿವೆ.

ಈ ನೆನಪುಗಳನ್ನು ನಾವೇಕೆ ಕೇಳಬೇಕು? ಕಾರಣ ಸರಳ. ದುಡಿಯುವ ಕುಟುಂಬವೊಂದು ಮತ್ತೊಬ್ಬರ ನೆಲದ ಮೇಲೆ ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಗುಡಿಯನ್ನು ನಿಲ್ಲಿಸಿ, ಅದನ್ನೇ ತನ್ನ ಊರೆಂದು ನಂಬಿದಾಗ, ಆ ನಂಬಿಕೆಗೆ ಯಾವ ಬೆಲೆಯಿದೆ ಎಂಬ ಪ್ರಶ್ನೆಯನ್ನು ಈ ಚಿಕ್ಕ ಊರಿನ ಚರಿತ್ರೆ ನಮ್ಮೆದುರು ನೇರವಾಗಿ ಇಡುತ್ತದೆ.

ಮೂರು ಗಡಿಗಳು ಕೂಡುವಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದ ಪಶ್ಚಿಮ ತುದಿಯಲ್ಲಿ ಎಲ್ ಪಾಸೊ ನಗರವಿದೆ. ಅದರ ಮಗ್ಗುಲಲ್ಲಿ ರಿಯೊ ಗ್ರಾಂಡೆ ನದಿ ಹರಿಯುತ್ತದೆ. ನದಿಯಾಚೆ ಮೆಕ್ಸಿಕೊ ದೇಶದ ಹ್ವಾರೆಸ್ ನಗರ. ಸ್ವಲ್ಪ ಪಶ್ಚಿಮಕ್ಕೆ ಸರಿದರೆ ನ್ಯೂ ಮೆಕ್ಸಿಕೊ ರಾಜ್ಯದ ಎಲ್ಲೆ. ಹೀಗೆ ಎರಡು ದೇಶ, ಮೂರು ರಾಜ್ಯಗಳ ಗಡಿಗಳು ಕೂಡುವ ಒಣಭೂಮಿ ಇದು. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದ ನಂತರವೇ ಈ ನದಿ ಎರಡು ದೇಶಗಳ ಗಡಿಯಾದದ್ದು. ಅದಕ್ಕೆ ಮುಂಚೆ ಎರಡೂ ದಡಗಳ ಜನ ಒಂದೇ ಭಾಷೆಯಾಡುತ್ತಿದ್ದರು, ಒಂದೇ ಬಗೆಯಲ್ಲಿ ಪ್ರಾರ್ಥಿಸುತ್ತಿದ್ದರು.

1880ರ ದಶಕದಲ್ಲಿ ರೈಲು ಬಂದಿತು. 1881ರಲ್ಲಿ ಪೂರ್ವ-ಪಶ್ಚಿಮದ ಹಳಿಗಳು ಎಲ್ ಪಾಸೊವನ್ನು ತಲುಪಿದವು. 1884ರಲ್ಲಿ ಮೆಕ್ಸಿಕೊ ನಗರದಿಂದ ಉತ್ತರದ ಗಡಿಯವರೆಗಿನ ರೈಲುಮಾರ್ಗ ಪೂರ್ಣಗೊಂಡಿತು. ಉತ್ತರ ಮೆಕ್ಸಿಕೊದ ಗಣಿಗಳಲ್ಲಿ ಬೆಳ್ಳಿ ಬೆರೆತ ಸೀಸದ ಅದಿರು ಹೇರಳವಾಗಿತ್ತು. ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲಿನ ಕೋಕ್ ಮತ್ತು ಬಂಡವಾಳ ಉತ್ತರದಲ್ಲಿದ್ದವು. ಇವೆರಡೂ ಸಂಧಿಸುವ ಸ್ಥಳದಲ್ಲಿ ಕುಲುಮೆಯೊಂದನ್ನು ಕಟ್ಟಬೇಕೆಂಬ ಯೋಚನೆ ರಾಬರ್ಟ್ ಟೌನ್ ಎಂಬ ಉದ್ಯಮಿಗೆ ಬಂದಿತು. 1887ರಲ್ಲಿ ಕಾನ್ಸಾಸ್ ಸಿಟಿಯ ಕಂಪನಿಯೊಂದರ ಬಂಡವಾಳದಿಂದ ನದಿಯ ದಂಡೆಯ ಮೇಲೆ ಲೋಹ ಕರಗಿಸುವ ಕಾರ್ಖಾನೆ ಎದ್ದಿತು. 1899ರಲ್ಲಿ ಅದು ‘ಅಮೆರಿಕನ್ ಸ್ಮೆಲ್ಟಿಂಗ್ ಅಂಡ್ ರಿಫೈನಿಂಗ್ ಕಂಪನಿ’ ಎಂಬ ದೊಡ್ಡ ಒಕ್ಕೂಟದಲ್ಲಿ ವಿಲೀನವಾಯಿತು. ಆ ಉದ್ದನೆಯ ಹೆಸರನ್ನು ಚಿಕ್ಕದು ಮಾಡಿ ಜನ ‘ಅಸಾರ್ಕೊ’ ಎಂದರು. 1901ರಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟುಹೋಯಿತು. ಮರುವರ್ಷವೇ ಅದು ಮೊದಲಿಗಿಂತ ದೊಡ್ಡದಾಗಿ ಮೇಲೆದ್ದಿತು. ಸೀಸದ ಜೊತೆಗೆ ತಾಮ್ರವನ್ನೂ ಕರಗಿಸತೊಡಗಿತು.

ಕರಗಿಸುವ ಕೆಲಸದ ಬಗೆಯನ್ನು ಒಂದಿಷ್ಟು ತಿಳಿಯುವುದು ಅಗತ್ಯ. ಮುಂದಿನ ದುರಂತ ಅದರಲ್ಲಿಯೇ ಅಡಗಿದೆ. ಅದಿರಿನಲ್ಲಿ ಲೋಹ ಗಂಧಕದೊಡನೆ ಬೆರೆತಿರುತ್ತದೆ. ಮೊದಲು ಅದನ್ನು ಹುರಿದು ಗಂಧಕವನ್ನು ಹೊಗೆಯಾಗಿ ಹೊರದೂಡಬೇಕು. ಆಮೇಲೆ ಕೋಕ್ ಮತ್ತು ಸುಣ್ಣದ ಕಲ್ಲಿನೊಂದಿಗೆ ಊದುಕುಲುಮೆಗೆ ಹಾಕಿ ಕರಗಿಸಬೇಕು. ಭಾರವಾದ ಸೀಸ ಬೆಳ್ಳಿಯನ್ನು ಹೊತ್ತುಕೊಂಡು ತಳಕ್ಕಿಳಿಯುತ್ತದೆ. ಹಗುರವಾದ ಕಿಟ್ಟ ಮೇಲೆ ತೇಲುತ್ತದೆ. ಕೆಂಡದಂತಹ ಆ ಕಿಟ್ಟವನ್ನು ದೊಡ್ಡ ಕೊಪ್ಪರಿಗೆಗಳಲ್ಲಿ ತುಂಬಿ ಹೊರಗೆ ಸುರಿಯುತ್ತಾರೆ. ಲೋಹವು ರೈಲು ಹತ್ತಿ ದೂರ ಹೋಗುತ್ತದೆ. ಹೊಗೆ, ಧೂಳು, ಕಿಟ್ಟ ಈ ಮೂರೂ ಊರಿನಲ್ಲಿಯೇ ಉಳಿಯುತ್ತವೆ.

ಮೇಲೂರು, ಕೆಳಗೂರು

ಕಾರ್ಖಾನೆಯನ್ನು ಕಟ್ಟಲು ಬಂದ ಮೆಕ್ಸಿಕನ್ ಕೂಲಿಗಳೇ ಸ್ಮೆಲ್ಟರ್‌ಟೌನಿನ ಮೊದಲ ನಿವಾಸಿಗಳು. 1910ರಲ್ಲಿ ಮೆಕ್ಸಿಕೊದಲ್ಲಿ ಕ್ರಾಂತಿ ಭುಗಿಲೆದ್ದ ಮೇಲೆ ಅಂತರ್ಯುದ್ಧಕ್ಕೂ ಹಸಿವಿಗೂ ಅಂಜಿದ ಇನ್ನಷ್ಟು ಕುಟುಂಬಗಳು ಗಡಿ ದಾಟಿ ಬಂದವು. ಊರು ಎರಡು ಭಾಗಗಳಾಗಿ ಬೆಳೆಯಿತು. ಕಾರ್ಖಾನೆಗೆ ಹತ್ತಿರದ ದಿಣ್ಣೆಯ ಭಾಗ ‘ಎಲ್ ಆಲ್ತೊ’, ಅಂದರೆ ಮೇಲೂರು. ನದಿಯ ಕಡೆಗೆ ಇಳಿದ ತಗ್ಗಿನ ಭಾಗ ‘ಎಲ್ ಬಾಹೊ’, ಅಂದರೆ ಕೆಳಗೂರು. ಬಿಳಿಯ ಅಧಿಕಾರಿಗಳಿಗೆ ಬೇರೆಯೇ ಬಡಾವಣೆ, ಒಳ್ಳೆಯ ಮನೆಗಳು.

ಕೆಳಗೂರಿನಲ್ಲಿ ಜನ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಮಣ್ಣಿಗೆ ಹುಲ್ಲು ಬೆರೆಸಿ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆಗಳು. ಮಗ ಮದುವೆಯಾದರೆ ಪಕ್ಕದಲ್ಲಿ ಮತ್ತೊಂದು ಕೋಣೆ. ಗೋಡೆ ಅವರದು, ಬಾಗಿಲು ಅವರದು, ಅಂಗಳದ ಹೂಗಿಡ ಅವರದು. ಆದರೆ ಅಡಿಯ ನೆಲ ಕಂಪನಿಯದು. ಅದಕ್ಕೆ ಅವರು ಅಲ್ಪಸ್ವಲ್ಪ ನೆಲಬಾಡಿಗೆ ಕಟ್ಟುತ್ತಿದ್ದರು. ಬಾಡಿಗೆ ಚಿಕ್ಕದಾದ್ದರಿಂದ ಅದು ಯಾರ ಮನಸ್ಸಿಗೂ ಭಾರವಾಗಲಿಲ್ಲ. ಅಜ್ಜ ಕಟ್ಟಿದ, ಅಪ್ಪ ಹಿಗ್ಗಿಸಿದ, ಮಗ ಸುಣ್ಣ ಬಳಿದ ಮನೆ ತನ್ನದಲ್ಲವೆಂದು ಯಾರಿಗೆ ತಾನೇ ತೋರೀತು? ಮೂರು ತಲೆಮಾರುಗಳು ಹೀಗೆಯೇ ಕಳೆದವು. ಉಚ್ಛ್ರಾಯದ ಕಾಲದಲ್ಲಿ ಊರಿನ ಜನಸಂಖ್ಯೆ ಸಾವಿರಗಳನ್ನು ಮುಟ್ಟಿತ್ತು.

ಬದುಕು ಸುಲಭವಾಗಿರಲಿಲ್ಲ. ಕುಲುಮೆಯ ಬಾಯಲ್ಲಿ ನಿಂತು ದುಡಿಯುವ ಅತ್ಯಂತ ಬಿಸಿಯ, ಅತ್ಯಂತ ಧೂಳಿನ ಕೆಲಸಗಳು ಮೆಕ್ಸಿಕನ್ನರ ಪಾಲಿಗೆ. ಕೂಲಿಯಲ್ಲಿ ಎರಡು ಬಗೆ: ಬಿಳಿಯರಿಗೊಂದು, ಮೆಕ್ಸಿಕನ್ನರಿಗೆ ಅದಕ್ಕಿಂತ ಕಡಿಮೆಯದು. ಎಷ್ಟೇ ವರ್ಷ ದುಡಿದರೂ ಮೇಸ್ತ್ರಿಯ ಮಟ್ಟಕ್ಕೆ ಏರುವುದು ಕಷ್ಟ. ಕೆಳಗೂರಿನಲ್ಲಿ ಬಹುಕಾಲ ಮನೆಮನೆಗೆ ನಲ್ಲಿಯಿರಲಿಲ್ಲ, ಚರಂಡಿಯಿರಲಿಲ್ಲ. ಇವನ್ನೆಲ್ಲ ಹೇಳಿದ ಮೇಲೂ ಅಲ್ಲಿನ ಹಿರಿಯರು ತಮ್ಮ ನೆನಪನ್ನು ಬಿಚ್ಚಿದಾಗ ಮೊದಲು ಬರುವುದು ದೂರಲ್ಲ. ನೆರೆಮನೆಯ ತಾಯಿಯೂ ತಮ್ಮ ತಾಯಿಯಂತೆಯೇ ಗದರುತ್ತಿದ್ದ ಸಲುಗೆ, ಬೇಸ್‌ಬಾಲ್ ಪಂದ್ಯಗಳು, ಶನಿವಾರದ ಕುಣಿತ, ಮದುವೆ ಮನೆಯ ಅಡುಗೆಗೆ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದುದು ಮೊದಲು ಬರುತ್ತವೆ. ಅವರು ತಮ್ಮನ್ನು ‘ಎಸ್ಮೆಲ್ತಿಯಾನೊ’ಗಳು ಎಂದು ಕರೆದುಕೊಳ್ಳುತ್ತಿದ್ದರು. ಬೇರೆಯವರು ಕೀಳಾಗಿ ಕಂಡ ಊರಿನ ಹೆಸರನ್ನೇ ಅವರು ಹೆಮ್ಮೆಯ ಗುರುತನ್ನಾಗಿ ಮಾಡಿಕೊಂಡರು.

ಎಲ್ಲರ ನೆನಪಿನಲ್ಲಿಯೂ ಅಚ್ಚೊತ್ತಿ ನಿಂತ ಒಂದು ನೋಟವುಂಟು. ರಾತ್ರಿಯ ವೇಳೆ ಕೊಪ್ಪರಿಗೆಗಳಿಂದ ಕಾದ ಕಿಟ್ಟವನ್ನು ದಿಬ್ಬದಿಂದ ಕೆಳಕ್ಕೆ ಸುರಿದಾಗ, ಕರಗಿದ ಸೂರ್ಯನೇ ಹರಿದಂತೆ ಇಳಿಜಾರು ಕೆಂಪಾಗುತ್ತಿತ್ತು, ಆಕಾಶವೂ ಕೆಂಪಾಗುತ್ತಿತ್ತು. ಮಕ್ಕಳು ಅದನ್ನು ಬೆರಗಿನಿಂದ ನೋಡುತ್ತಿದ್ದರು. ಅದೇ ಹೊತ್ತಿಗೆ ಗಂಧಕದ ಹೊಗೆ ಗಂಟಲಿಗೆ ಇಳಿದು ಕೆಮ್ಮು ಬರಿಸುತ್ತಿತ್ತು. ಒಂದೇ ಕುಲುಮೆಯಿಂದ ಬೆರಗೂ ಕೆಮ್ಮೂ ಬಂದವು. ನೆನಪಿನಲ್ಲಿಯೂ ಅವೆರಡೂ ಬೇರ್ಪಡಲಾರವು.

ಬೆಟ್ಟದ ಮೇಲಿನ ಅರಸ

ಕಾರ್ಖಾನೆಯ ಸೀಟಿ ಊರಿನ ಒಂದು ಗಡಿಯಾರವಾದರೆ, ದೇವಾಲಯದ ಗಂಟೆ ಮತ್ತೊಂದು. ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಮದುವೆ, ಅಂತ್ಯಕ್ರಿಯೆ ಎಲ್ಲವೂ ನದಿಯ ಬಳಿಯ ಆ ಬಡ ಧರ್ಮಕೇಂದ್ರದಲ್ಲಿಯೇ ನಡೆದವು. ಕಾಲಾನಂತರದಲ್ಲಿ ಅದರ ದೇವಾಲಯ ‘ಸಾನ್ ಹೊಸೆ ದೆ ಕ್ರಿಸ್ತೊ ರೇ’ ಎಂದು, ಅಂದರೆ ಕ್ರಿಸ್ತರಾಜರ ಸಂತ ಜೋಸೆಫರ ದೇವಾಲಯವೆಂದು ಹೆಸರಾಯಿತು. ಕಾರ್ಮಿಕರ ಪಾಲಕನಾದ ಸಂತನ ಹೆಸರಿನೊಡನೆ ಅರಸನಾದ ಪ್ರಭುವಿನ ಹೆಸರು ಸೇರಿಕೊಂಡದ್ದು ಆ ಊರಿನ ಮಟ್ಟಿಗೆ ಅರ್ಥಪೂರ್ಣವೇ ಸರಿ.

ಈ ಹೆಸರಿಗೆ ಹಿನ್ನೆಲೆಯುಂಟು. ಪೋಪ್ 11ನೇ ಭಕ್ತಿನಾಥರು (ಪಿಯುಸ್) 1925ರ ಡಿಸೆಂಬರ್‌ನಲ್ಲಿ ‘ಕ್ವಾಸ್ ಪ್ರೀಮಾಸ್’ ಎಂಬ ವಿಶ್ವಪತ್ರದ ಮೂಲಕ ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ಮರುವರ್ಷವೇ ಮೆಕ್ಸಿಕೊದಲ್ಲಿ ಸರ್ಕಾರ ಧರ್ಮಸಭೆಯ ಮೇಲೆ ಕಠಿಣ ಕಾಯಿದೆಗಳನ್ನು ಜಾರಿಗೊಳಿಸಿತು. ಬಹಿರಂಗ ಪೂಜೆ ನಿಂತಿತು. 1926ರಿಂದ 1929ರವರೆಗೆ ‘ಕ್ರಿಸ್ತೇರೊ’ ದಂಗೆ ನಡೆಯಿತು. ಕ್ರಿಸ್ತರಾಜರಿಗೆ ಜಯವಾಗಲಿ ಎಂಬ ಘೋಷಣೆ ಸಾವಿಗಂಜದ ವಿಶ್ವಾಸಿಗಳ ಗುರುತಾಯಿತು. 1927ರ ನವೆಂಬರ್ 23ರಂದು ಗುಂಡಿಗೆ ಎದೆಯೊಡ್ಡಿದ ಯೇಸುಸಭೆಯ ಫಾದರ್ ಮಿಗೆಲ್ ಪ್ರೊ ಅವರ ಕೊನೆಯ ಮಾತೂ ಅದೇ ಆಗಿತ್ತು. ಆ ವರ್ಷಗಳಲ್ಲಿ ಅನೇಕ ಗುರುಗಳೂ ಕನ್ಯಾಸ್ತ್ರೀಯರೂ ಗಡಿ ದಾಟಿ ಎಲ್ ಪಾಸೊದಲ್ಲಿ ಆಶ್ರಯ ಪಡೆದರು. ಹೀಗೆ ಸ್ಮೆಲ್ಟರ್‌ಟೌನಿನ ಕುಟುಂಬಗಳಿಗೆ ‘ಕ್ರಿಸ್ತೊ ರೇ’ ಎಂಬ ಹೆಸರಿನ ಹಿಂದೆ ತಾಯ್ನಾಡಿನ ರಕ್ತವಿತ್ತು, ಕಣ್ಣೀರಿತ್ತು.

1933ರಲ್ಲಿ ಈ ಧರ್ಮಕೇಂದ್ರದ ಗುರುಗಳಾಗಿದ್ದವರು ಫಾದರ್ ಲೂರ್ದೆಸ್ ಕೋಸ್ತಾ. ಅಕ್ಟೋಬರ್ ತಿಂಗಳ ಕ್ರಿಸ್ತರಾಜರ ಹಬ್ಬದ ಸಮಯದಲ್ಲಿ ಅವರು ತಮ್ಮ ಮನೆಯ ಕಿಟಕಿಯಿಂದ ಎದುರಿನ ಬೋಳುಬೆಟ್ಟವನ್ನು ನೋಡುತ್ತಿದ್ದಾಗ, ಅದರ ತುದಿಯಲ್ಲಿ ಪ್ರಭುವಿನ ಸ್ಮಾರಕವೊಂದಿರಬೇಕೆಂಬ ಆಲೋಚನೆ ಹೊಳೆಯಿತೆಂದು ಹೇಳಲಾಗುತ್ತದೆ. ಹೇಸರಗತ್ತೆಗಳನ್ನು ಹೊಡೆಯುವವರ ಹೆಸರಿನಿಂದ ಕರೆಯಲಾಗುತ್ತಿದ್ದ ಆ ಬೆಟ್ಟ ನ್ಯೂ ಮೆಕ್ಸಿಕೊ ರಾಜ್ಯದೊಳಗಿದೆ. ಅದರ ದಕ್ಷಿಣದ ಇಳಿಜಾರು ಮೆಕ್ಸಿಕೊ ದೇಶಕ್ಕೆ ಇಳಿಯುತ್ತದೆ. ಆಗಿನ ಧರ್ಮಾಧ್ಯಕ್ಷರಾದ ಆಂಟನಿ ಶೂಲರ್ ಅವರ ಬೆಂಬಲ ದೊರೆಯಿತು. ಧರ್ಮಪ್ರಾಂತ್ಯ ಭೂಮಿಯನ್ನು ಪಡೆಯಿತು.

ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಅಮೆರಿಕದಾದ್ಯಂತ ಮೆಕ್ಸಿಕನ್ ಕಾರ್ಮಿಕರನ್ನು ರೈಲು ಹತ್ತಿಸಿ ಗಡಿಯಾಚೆ ಕಳುಹಿಸುತ್ತಿದ್ದ ವರ್ಷಗಳವು. ಕೈಯಲ್ಲಿ ಕಾಸಿಲ್ಲದ ಜನ ಗುದ್ದಲಿ, ಸಲಿಕೆ, ಹಾರೆಗಳನ್ನು ಹಿಡಿದು ಬೆಟ್ಟಕ್ಕೆ ನಡೆದರು. ಕುಲುಮೆಯ ಕೆಲಸ ಮುಗಿಸಿದ ಗಂಡಸರು ಕಲ್ಲು ಒಡೆದು ದಾರಿ ಕಡಿದರು. ಮೊದಲು ಮರದ ಶಿಲುಬೆ, ಆಮೇಲೆ ಕಬ್ಬಿಣದ ಶಿಲುಬೆ ಶಿಖರವನ್ನೇರಿತು. ಕೊನೆಗೆ ಸ್ಪೇನ್ ಮೂಲದ ಶಿಲ್ಪಿ ಉರ್ಬಿಸಿ ಸೊಲೇರ್ ಸುಣ್ಣಕಲ್ಲಿನಲ್ಲಿ ಕ್ರಿಸ್ತರ ಪ್ರತಿಮೆಯನ್ನು ಕಡೆದರು. ಪೀಠವೂ ಸೇರಿ 40 ಅಡಿಗೂ ಮಿಕ್ಕ ಎತ್ತರದ ಆ ಸ್ಮಾರಕ 1939ರಲ್ಲಿ ಪೂರ್ಣಗೊಂಡು, 1940ರಲ್ಲಿ ವಿಧ್ಯುಕ್ತವಾಗಿ ಪ್ರತಿಷ್ಠಾಪನೆಗೊಂಡಿತು. ಅಂದಿನಿಂದ ಬೆಟ್ಟಕ್ಕೆ ‘ಕ್ರಿಸ್ತೊ ರೇ’ ಎಂದೇ ಹೆಸರು. ಶಿಲುಬೆಗೆ ಬೆನ್ನೊರಗಿಸಿ ಎರಡೂ ಕೈಗಳನ್ನು ಚಾಚಿ ನಿಂತ ಪ್ರಭುವಿನ ಅಡಿಯಲ್ಲಿ ಎರಡು ದೇಶಗಳು ಕಾಣಿಸುತ್ತವೆ. ವರ್ಷಕ್ಕೊಮ್ಮೆ ಸಾವಿರಾರು ಯಾತ್ರಿಕರು, ಕೆಲವರು ಬರಿಗಾಲಿನಲ್ಲಿ, ಆ ದಾರಿಯನ್ನು ಹತ್ತುತ್ತಾರೆ.

ಗಮನಿಸಬೇಕಾದುದು ಒಂದಿದೆ. ಸ್ಮೆಲ್ಟರ್‌ಟೌನಿನ ಜನ ಕಂಪನಿಗಾಗಿ ಕಟ್ಟಿದ್ದೆಲ್ಲ ಕೂಲಿಗಾಗಿ ಕಟ್ಟಿದ್ದು. ತಮಗಾಗಿ ಕಟ್ಟಿಕೊಂಡ ಮನೆಗಳು ಪರರ ನೆಲದ ಮೇಲಿದ್ದವು. ಕೂಲಿಯಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಅವರು ಕೈಹಾಕಿದ ಕೆಲಸ ಈ ಬೆಟ್ಟದ ದಾರಿ. ಅದೊಂದೇ ಇಂದಿಗೂ ಉಳಿದಿದೆ.

ನ್ಯಾಯದ ಕೂಗು

ಕಾರ್ಖಾನೆ ಆರಂಭವಾಗಿ ನಾಲ್ಕು ವರ್ಷಗಳಾದ ಮೇಲೆ, 1891ರಲ್ಲಿ, ಪೋಪ್ 13ನೇ ಲಿಯೋ ಅವರು ‘ರೇರುಮ್ ನೊವಾರುಮ್’ ವಿಶ್ವಪತ್ರವನ್ನು ಹೊರಡಿಸಿದರು. ಕಾರ್ಮಿಕನಿಗೆ ಕುಟುಂಬವನ್ನು ಸಲಹುವಷ್ಟು ನ್ಯಾಯವಾದ ಕೂಲಿ ಸಲ್ಲಬೇಕು, ಸಂಘ ಕಟ್ಟುವ ಹಕ್ಕು ಅವನಿಗಿದೆ ಎಂಬುದು ಅದರ ಬೋಧನೆ. ಆ ಬೋಧನೆ ಕುಲುಮೆಯ ಬಾಗಿಲಿಗೆ ತಲುಪಲು ಅರ್ಧ ಶತಮಾನವೇ ಹಿಡಿಯಿತು. 1913ರಲ್ಲಿ ಹೆಚ್ಚಿನ ಕೂಲಿ, ಕಡಿಮೆ ಅವಧಿಯ ದುಡಿಮೆಗಳಿಗಾಗಿ ಸ್ಮೆಲ್ಟರಿನ ಮೆಕ್ಸಿಕನ್ ಕಾರ್ಮಿಕರು ಮುಷ್ಕರ ಹೂಡಿದರು. ಕಂಪನಿ ಮಣಿಯಲಿಲ್ಲ; ಮುಷ್ಕರ ಸೋತಿತು. ಮನೆಯ ನೆಲವೂ ಮಾಲೀಕನದೇ ಆದಾಗ ಮುಷ್ಕರ ಹೂಡುವವನು ಕೂಲಿಯ ಜೊತೆಗೆ ಸೂರನ್ನೂ ಪಣಕ್ಕಿಡಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

1930ರ ದಶಕದ ಕೊನೆಯಿಂದ ಗಣಿ ಮತ್ತು ಕುಲುಮೆ ಕಾರ್ಮಿಕರ ಒಕ್ಕೂಟ ಎಲ್ ಪಾಸೊದಲ್ಲಿ ಬೇರೂರಿತು. ನಿಕರಾಗುವಾ ದೇಶದಲ್ಲಿ ಹುಟ್ಟಿ, ಅಸಾರ್ಕೊದಲ್ಲಿ ದುಡಿಯುತ್ತಿದ್ದ ಉಂಬೆರ್ತೊ ಸಿಲೆಕ್ಸ್ ಅದರ ಮುಂದಾಳುಗಳಲ್ಲೊಬ್ಬರು. ಅವರನ್ನು ದೇಶದಿಂದ ಹೊರಹಾಕುವ ಪ್ರಯತ್ನವೂ ನಡೆಯಿತು. ಆದರೂ ಅವರು ಹಿಂಜರಿಯಲಿಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸಂಘಕ್ಕೆ ಮನ್ನಣೆ ದೊರೆತು, ಕೂಲಿಯ ತಾರತಮ್ಯ ಮೆಲ್ಲಮೆಲ್ಲನೆ ಕರಗತೊಡಗಿತು. ಯುದ್ಧಕ್ಕೆ ಹೋಗಿ ಮರಳಿದ ಊರಿನ ಯುವಕರು ತಾವು ಈ ದೇಶದ ಸಮಾನ ಪ್ರಜೆಗಳೆಂದು ತಲೆಯೆತ್ತಿ ಹೇಳಿದರು. ಕೆಲವರು ಊರು ಬಿಟ್ಟು ನಗರಕ್ಕೆ ಹೋದರು. 1970ರ ಹೊತ್ತಿಗೆ ಊರಿನಲ್ಲಿ ಉಳಿದವರು ಸುಮಾರು ಐದುನೂರು ಜನ.

ಮಕ್ಕಳ ರಕ್ತದಲ್ಲಿ ಸೀಸ

1967ರ ವೇಳೆಗೆ ಕಾರ್ಖಾನೆ 828 ಅಡಿ ಎತ್ತರದ ಹೊಸ ಚಿಮಣಿಯನ್ನು ಕಟ್ಟಿತ್ತು. ಹೊಗೆಯನ್ನು ಮೇಲಕ್ಕೊಯ್ದು ದೂರ ಚದುರಿಸುವುದು ಅದರ ಉದ್ದೇಶ. 1970ರಲ್ಲಿ ಎಲ್ ಪಾಸೊ ನಗರಾಡಳಿತ ಟೆಕ್ಸಾಸಿನ ಶುದ್ಧವಾಯು ಕಾಯಿದೆಯನ್ನು ಮುರಿದ ಆರೋಪದ ಮೇಲೆ ಕಂಪನಿಯ ವಿರುದ್ಧ ಹತ್ತು ಲಕ್ಷ ಡಾಲರುಗಳ ದಾವೆ ಹೂಡಿತು. ದಾವೆಯ ಅಂಗವಾಗಿ ನಡೆದ ತನಿಖೆಯಲ್ಲಿ ಹೊರಬಿದ್ದ ಅಂಕಿಗಳು ಬೆಚ್ಚಿಬೀಳಿಸುವಂತಿದ್ದವು. 1969ರಿಂದ 1971ರವರೆಗಿನ ಮೂರು ವರ್ಷಗಳಲ್ಲಿ ಸಾವಿರ ಟನ್ನುಗಳಿಗೂ ಹೆಚ್ಚು ಸೀಸ, 560 ಟನ್ ಸತು, 12 ಟನ್ ಕ್ಯಾಡ್ಮಿಯಂ, ಒಂದು ಟನ್ನಿಗೂ ಮಿಕ್ಕ ಆರ್ಸೆನಿಕ್ ಗಾಳಿಗೆ ಸೇರಿತ್ತು.

ಇಷ್ಟು ಸೀಸ ಎಲ್ಲಿ ಹೋಯಿತು? ಅಂಗಳದ ಧೂಳಿಗೆ, ಕಿಟಕಿಯ ಚೌಕಟ್ಟಿಗೆ, ಒಣಹಾಕಿದ ಬಟ್ಟೆಗೆ, ಆಡುವ ಮಕ್ಕಳ ಬೆರಳಿಗೆ. ಮಕ್ಕಳು ಬೆರಳನ್ನು ಬಾಯಿಗಿಡುತ್ತಾರೆ. ದೇಹ ಸೀಸವನ್ನು ಸುಣ್ಣದ ಅಂಶವೆಂದು ಭ್ರಮಿಸಿ ಮೂಳೆಗಳಲ್ಲಿ ಕೂಡಿಡುತ್ತದೆ. ಬೆಳೆಯುವ ಮಿದುಳಿಗೆ ಅದು ಹಾನಿ ಮಾಡುತ್ತದೆ. 1972ರ ಮಾರ್ಚ್ ವೇಳೆಗೆ ಸ್ಮೆಲ್ಟರ್‌ಟೌನಿನ 72 ಮಂದಿಯಲ್ಲಿ ಸೀಸದ ವಿಷ ಕಂಡುಬಂದಿತ್ತು. ಅವರಲ್ಲಿ 35 ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಮೆರಿಕದ ರೋಗನಿಯಂತ್ರಣ ಕೇಂದ್ರದಿಂದ ಬಂದ ಯುವ ವೈದ್ಯ ಫಿಲಿಪ್ ಲ್ಯಾಂಡ್ರಿಗನ್ ಮತ್ತು ಸಂಗಡಿಗರು ಮನೆಮನೆಗೂ ಹೋಗಿ ರಕ್ತದ ಮಾದರಿ ಸಂಗ್ರಹಿಸಿದರು. ಕಾರ್ಖಾನೆಯಿಂದ ಒಂದು ಮೈಲಿಯೊಳಗೆ ವಾಸಿಸುತ್ತಿದ್ದ 1ರಿಂದ 9 ವರ್ಷದ ಮಕ್ಕಳಲ್ಲಿ ಶೇ. 53ರಷ್ಟು ಮಕ್ಕಳ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 40 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿತ್ತು. ಆ ಮಕ್ಕಳಲ್ಲಿ ಹೆಚ್ಚಿನವರು ಹೊರನೋಟಕ್ಕೆ ಆರೋಗ್ಯವಾಗಿಯೇ ಇದ್ದರು. ಆದರೆ ಬುದ್ಧಿಯ ಹಾಗೂ ಬೆರಳಿನ ಚುರುಕಿನ ಪರೀಕ್ಷೆಗಳಲ್ಲಿ, ಸೀಸ ಕಡಿಮೆಯಿದ್ದ ಮಕ್ಕಳಿಗಿಂತ ಅವರು ಹಿಂದುಳಿದಿದ್ದರು. 1975ರಲ್ಲಿ ಪ್ರಕಟವಾದ ಈ ಅಧ್ಯಯನಗಳು, ಲಕ್ಷಣ ಕಾಣಿಸದ ಮಕ್ಕಳಿಗೂ ಸೀಸ ಹಾನಿ ಮಾಡಬಲ್ಲದೆಂಬ ತಿಳಿವಳಿಕೆಗೆ ದಾರಿಮಾಡಿದವು. ಉದ್ಯಮದ ನೆರವಿನಿಂದ ನಡೆದ ಇನ್ನೊಂದು ಅಧ್ಯಯನ ಅಂತಹ ಹಾನಿಯಿಲ್ಲವೆಂದಿತು. ಕಾಲ ಅದನ್ನು ಎತ್ತಿಹಿಡಿಯಲಿಲ್ಲ. ಅಂದು 40 ಎಂದಿದ್ದ ಎಚ್ಚರಿಕೆಯ ಮಟ್ಟ ದಶಕದಿಂದ ದಶಕಕ್ಕೆ ಇಳಿಯುತ್ತಾ, 2021ರಲ್ಲಿ 3.5ಕ್ಕೆ ಬಂದು ನಿಂತಿತು. ಇಂದು ಎಲ್ಲೆಡೆಯ ಮಕ್ಕಳಿಗೆ ದೊರೆತಿರುವ ಈ ರಕ್ಷಣೆಯ ಹಿಂದೆ ಸ್ಮೆಲ್ಟರ್‌ಟೌನಿನ ಮಕ್ಕಳ ರಕ್ತದ ಹನಿಗಳಿವೆ.

ನಂಬದಿರಲು ಅವರಿಗಿದ್ದ ಕಾರಣಗಳು

ಊರನ್ನು ತೆರವುಗೊಳಿಸಬೇಕೆಂಬ ತೀರ್ಮಾನವಾಯಿತು. ಜನ ಪ್ರತಿಭಟಿಸಿದರು. ಹೊರಗಿನವರಿಗೆ ಇದು ವಿಚಿತ್ರವೆನಿಸಿತು: ಮಕ್ಕಳಿಗೆ ವಿಷವುಣಿಸುವ ನೆಲವನ್ನು ಬಿಡಲು ಹೆತ್ತವರೇ ಒಪ್ಪದಿರುವುದೇ? ಆದರೆ ಅವರ ಜಾಗದಲ್ಲಿ ನಿಂತು ನೋಡೋಣ. ತಂದೆ ನಾಲ್ಕು ದಶಕ ಕುಲುಮೆಯ ಮುಂದೆ ದುಡಿದು, ಎಪ್ಪತ್ತು ದಾಟಿ ಬಾಗಿಲಲ್ಲಿ ಕುಳಿತಿದ್ದಾನೆ. ಮಕ್ಕಳು ಅಂಗಳದಲ್ಲಿ ನಗುತ್ತಾ ಓಡಾಡುತ್ತಿದ್ದಾರೆ. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಬತ್ತು ವರ್ಷ ಚರಂಡಿಯ ಬಗ್ಗೆ, ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳದ ನಗರಾಡಳಿತ, ಕಂಪನಿಯ ಮೇಲೆ ಹಣದ ದಾವೆ ಹೂಡಿದ ಮೇಲೆ ಏಕಾಏಕಿ ತಮ್ಮ ಮಕ್ಕಳ ಮೇಲೆ ಮಮತೆ ತೋರುತ್ತಿದೆ. ಇಂತಹ ಮಮತೆಯನ್ನು ಬಡವನು ಅನುಮಾನಿಸಿದರೆ ತಪ್ಪೇನು?

ಇನ್ನೂ ಗಟ್ಟಿಯಾದ ಕಾರಣ ನೆಲದ್ದು. ಗೋಡೆಗಳು ತಮ್ಮವಾದರೂ ನೆಲ ತಮ್ಮದಲ್ಲವೆಂಬ ಮಾತು ಮೂರು ತಲೆಮಾರುಗಳ ನಂತರ ಅಂದು ನೋಟಿಸಿನ ರೂಪದಲ್ಲಿ ಬಾಗಿಲಿಗೆ ಬಂದಿತು. ಬೈಬಲ್ಲಿನ ನಾಬೋತನನ್ನು ನಾವು ಬಲ್ಲೆವು. ಅರಸ ಅಹಾಬನು ದ್ರಾಕ್ಷಿತೋಟ ಕೇಳಿದಾಗ ಪಿತ್ರಾರ್ಜಿತವನ್ನು ಕೊಡಲಾರೆನೆಂದು ಹೇಳುವ ಹಕ್ಕು ಆತನಿಗಿತ್ತು. ಆ ಹಕ್ಕಿಗಾಗಿ ಆತ ಪ್ರಾಣ ತೆತ್ತ. ಸ್ಮೆಲ್ಟರ್‌ಟೌನಿನ ಕುಟುಂಬಗಳಿಗೆ ಆ ಹಕ್ಕೂ ಇರಲಿಲ್ಲ. ಕಾಗದದ ಮೇಲೆ ಅವರು ಬಾಡಿಗೆದಾರರು. ತಾವೇ ಕಟ್ಟಿದ ಮನೆಗೆ ಮಾರುಬೆಲೆ ಎಂಬುದಿರಲಿಲ್ಲ. ಬಿಟ್ಟುಹೋದರೆ ಕೈಯಲ್ಲಿ ಉಳಿಯುವುದು ಹಾಸಿಗೆ, ಪಾತ್ರೆ, ಗೋಡೆಯ ಮೇಲಿನ ಗ್ವಾದಲೂಪೆ ಮಾತೆಯ ಪಟ.

1972ರ ಕೊನೆಯ ಹೊತ್ತಿಗೆ ಮನೆಗಳನ್ನು ನೆಲಸಮ ಮಾಡಲಾಯಿತು. ಬರಿದಾದ ಶಾಲೆ ಮತ್ತು ದೇವಾಲಯದ ಕಟ್ಟಡಗಳು ಮಾತ್ರ ಸ್ವಲ್ಪ ಕಾಲ ಒಂಟಿಯಾಗಿ ನಿಂತಿದ್ದವು. ಕುಟುಂಬಗಳು ನಗರದ ಬೇರೆ ಬೇರೆ ಕಡೆಗೆ ಚದುರಿಹೋದವು. ಕಾರ್ಖಾನೆ ಮಾತ್ರ ನಡೆಯುತ್ತಲೇ ಇತ್ತು. 1975ರಲ್ಲಿ ನ್ಯಾಯಾಲಯ ಯಂತ್ರಗಳನ್ನು ಸುಧಾರಿಸಲು ಆಜ್ಞಾಪಿಸಿತು. ಅದಕ್ಕೆ ಸುಮಾರು 12 ಕೋಟಿ ಡಾಲರು ಖರ್ಚಾಯಿತು. ಊರನ್ನು ಉಳಿಸಲು ಆ ಹಣ ಇಪ್ಪತ್ತು ವರ್ಷ ಮೊದಲೇ ಖರ್ಚಾಗಿದ್ದರೆ ಎಂಬ ಯೋಚನೆ ಬಾರದಿರದು.

ಚಿಮಣಿ ಉರುಳಿತು, ಸಮಾಧಿಗಳು ಉಳಿದವು

1999ರಲ್ಲಿ ತಾಮ್ರದ ಬೆಲೆ ಕುಸಿದಾಗ ಕುಲುಮೆ ಆರಿತು. 2005ರಲ್ಲಿ ಕಂಪನಿ ದಿವಾಳಿತನದ ಅರ್ಜಿ ಹಾಕಿತು. ಕಾರ್ಖಾನೆಯನ್ನು ಮತ್ತೆ ತೆರೆಯುವ ಮಾತು ಬಂದಾಗ ನಗರದ ಜನ ಪ್ರಬಲವಾಗಿ ವಿರೋಧಿಸಿದರು. 2009ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಅದೇ ವರ್ಷ ದೇಶದ ಎಂಬತ್ತಕ್ಕೂ ಹೆಚ್ಚು ಸ್ಥಳಗಳ ಮಾಲಿನ್ಯ ಪರಿಹಾರಕ್ಕೆಂದು ಕಂಪನಿಯಿಂದ 179 ಕೋಟಿ ಡಾಲರುಗಳ ಇತ್ಯರ್ಥವಾಯಿತು; ಎಲ್ ಪಾಸೊದ ನೆಲವನ್ನು ಶುದ್ಧಗೊಳಿಸಲು ಅದರಲ್ಲಿ ಸುಮಾರು 5.2 ಕೋಟಿ ಡಾಲರು ಮೀಸಲಾಯಿತು. 2013ರ ಏಪ್ರಿಲ್ 13ರ ಬೆಳಗಿನ ಜಾವ ಸಿಡಿಮದ್ದಿನಿಂದ ಆ ಎತ್ತರದ ಚಿಮಣಿ ಕೆಲವೇ ಕ್ಷಣಗಳಲ್ಲಿ ನೆಲಕ್ಕುರುಳಿತು.

ಗುಡ್ಡದ ಇಳಿಜಾರಿನ ಸ್ಮಶಾನ ಮಾತ್ರ ಹಾಗೆಯೇ ಇದೆ. ಕಲ್ಲುಗುಪ್ಪೆಗಳ ನಡುವೆ ಮರದ, ಸಿಮೆಂಟಿನ, ಕಬ್ಬಿಣದ ಸಾದಾ ಶಿಲುಬೆಗಳು. ಅನೇಕ ಹೆಸರುಗಳು ಮಾಸಿಹೋಗಿವೆ. ಆ ಊರಿನಲ್ಲಿ ಬಾಡಿಗೆಯಿಲ್ಲದೆ ನೆಲ ಪಡೆದವರು ಬಹುಶಃ ಅಲ್ಲಿ ಮಲಗಿದವರು ಮಾತ್ರ.

ಸ್ಮೆಲ್ಟರ್‌ಟೌನಿನ ಕಥೆಯನ್ನು ಮರವೆಯಿಂದ ಎತ್ತಿಟ್ಟವರು ಇತಿಹಾಸಕಾರ್ತಿ ಮೋನಿಕಾ ಪೆರಾಲೆಸ್. ಅವರ ಕುಟುಂಬದ ಹಿರಿಯರೂ ಆ ಊರಿನವರೇ. 2010ರಲ್ಲಿ ಪ್ರಕಟವಾದ ಅವರ ಗ್ರಂಥ ಕಂಪನಿಯ ಕಡತಗಳನ್ನು ಮಾತ್ರ ನೆಚ್ಚಿಕೊಳ್ಳಲಿಲ್ಲ. ಅಜ್ಜ-ಅಜ್ಜಿಯರ ಬಾಯಿಮಾತುಗಳನ್ನು ಅದು ಸಾಕ್ಷ್ಯವಾಗಿ ಸ್ವೀಕರಿಸಿತು. ಕಡತಗಳಲ್ಲಿ ಸಿಗುವುದು ಕೂಲಿಯ ಲೆಕ್ಕ, ಹೊಗೆಯ ಲೆಕ್ಕ. ಮದುವೆಯ ಹಾಡು, ಹಬ್ಬದ ಅಡುಗೆ, ಬೆಟ್ಟಕ್ಕೆ ಕಲ್ಲು ಹೊತ್ತ ಹೆಗಲಿನ ನೋವು ಕಡತಕ್ಕೆ ಇಳಿಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವುಂಟು. ಸವಿನೆನಪುಗಳನ್ನಷ್ಟೇ ಹೇಳಿದರೆ ಮಕ್ಕಳ ರಕ್ತದಲ್ಲಿದ್ದ ಸೀಸವನ್ನು ಮುಚ್ಚಿಟ್ಟಂತಾಗುತ್ತದೆ. ಕಂಪನಿ ಕೊಟ್ಟ ಬದುಕು ಚೆನ್ನಾಗಿಯೇ ಇತ್ತೆಂದು ಹೇಳುವವರಿಗೆ ಅದು ಅನುಕೂಲವಾಗುತ್ತದೆ. ವಿಷದ ಕಥೆಯನ್ನಷ್ಟೇ ಹೇಳಿದರೆ, ಅಲ್ಲಿ ಬದುಕಿದವರೆಲ್ಲ ಬರೀ ಬಲಿಪಶುಗಳಾಗಿ ಉಳಿದುಬಿಡುತ್ತಾರೆ. ಅವರು ಕಟ್ಟಿದ ಊರಿಗೆ, ನಂಬಿದ ದೇವರಿಗೆ, ಹೂಡಿದ ಹೋರಾಟಕ್ಕೆ ಜಾಗವಿಲ್ಲದಂತಾಗುತ್ತದೆ. ಪ್ರಾಮಾಣಿಕವಾದ ನೆನಪು ಎರಡನ್ನೂ ಒಟ್ಟಿಗೆ ಹೊರಬೇಕು. ಪುನರುತ್ಥಾನರಾದ ಪ್ರಭುವೂ ತಮ್ಮ ಗಾಯಗಳನ್ನು ಮರೆಮಾಚದೆಯೇ ಶಿಷ್ಯರಿಗೆ ಕಾಣಿಸಿಕೊಂಡರಲ್ಲವೇ? ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆಬೇರೆಯಾಗಿ ಕೇಳಲಾಗದೆಂದು ತಿಳಿಸಿದರು. ಕೆಳಗೂರಿನ ಅಂಗಳದ ಧೂಳಿನಲ್ಲಿ ಅವೆರಡೂ ಒಂದಾಗಿದ್ದವು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಅವರು ಯಾವ ಊರಿನಿಂದ, ಯಾವ ಕೆಲಸವನ್ನು ಅರಸಿ ಬಂದರು? ಮೊದಲ ಮನೆಯ ನೆಲ ಯಾರದಾಗಿತ್ತು? ನೀರನ್ನು ಎಲ್ಲಿಂದ ಹೊತ್ತು ತರುತ್ತಿದ್ದರು? ಯಾವ ದೇವಾಲಯದ ಗೋಡೆಗೆ ಅವರು ಕಲ್ಲು ಹೊತ್ತರು? ಯಾವ ಕಾಯಿಲೆಯನ್ನು ಯಾರಿಗೂ ಹೇಳದೆ ನುಂಗಿಕೊಂಡರು? ಒಂದು ಸಂಜೆ ಜಪಸರ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತು ಕೇಳಿ. ಸವಿಯನ್ನೂ ಕೇಳಿ, ಕಹಿಯನ್ನೂ ಕೇಳಿ. ಕೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ತಾರೀಖಿನೊಡನೆ. ಮಕ್ಕಳಿಗೆ ನಾವು ಬಿಟ್ಟುಹೋಗಬಹುದಾದ ಆಸ್ತಿಗಳಲ್ಲಿ ನೆಲಬಾಡಿಗೆಯ ಹಂಗಿಲ್ಲದ ಆಸ್ತಿ ಅದು.